ಪ್ರತಿಕ್ರಿಯೆ: ಸೌಹಾರ್ದ ಸಭೆ ಮಾಡಿದರೆ ಸಾಕೇ?

ನಮಸ್ಕಾರ. ಗಲಾಟೆಯಾದ ಮೇಲೆ ನಿಮ್ಮ ಶಿವಮೊಗ್ಗದ ಬೀದಿಯಲ್ಲಿ ಹಿಂದೂ-ಮುಸ್ಲಿಂ ಮನೆಗಳ ನಡುವೆ ಮಾತೇ ನಿಂತಿದೆ, ಸೌಹಾರ್ದ ಸಭೆ ಕರೆದರೆ ಸರಿಹೋದೀತೇ ಎಂದು ಕೇಳಿದ್ದೀರಿ. ಕರೆಯಿರಿ. ಆದರೆ ಹಾರ, ಭಾಷಣ, ಚಹಾ ಮುಗಿಸಿ ಎದ್ದುಹೋದರೆ ಮರುದಿನ ಮತ್ತೆ ಅದೇ ಮೌನ.

ರಾಜ್ಯಶಾಸ್ತ್ರಜ್ಞ ಆಶುತೋಷ್ ವಾರ್ಷ್ಣೇಯ ಅವರು ಕ್ಯಾಲಿಕಟ್-ಅಲಿಗಢದಂಥ ಮೂರು ಜೋಡಿ ನಗರಗಳನ್ನು, ಪ್ರತಿ ಜೋಡಿಯಲ್ಲೂ ಒಂದು ಶಾಂತವಾಗಿದ್ದ ಊರು, ಒಂದು ಗಲಭೆ ಕಂಡ ಊರು, ಹೋಲಿಸಿ ನೋಡಿದ್ದಾರೆ. ನೆರೆಹೊರೆಯ ಕುಶಲೋಪರಿ ಒಳ್ಳೆಯದೇ. ಆದರೆ ದೊಡ್ಡ ಊರುಗಳಲ್ಲಿ ಗಲಭೆಯನ್ನು ಹೆಚ್ಚು ಗಟ್ಟಿಯಾಗಿ ತಡೆದದ್ದು ಹಿಂದೂ-ಮುಸ್ಲಿಮರಿಬ್ಬರೂ ಸದಸ್ಯರಾಗಿರುವ ವರ್ತಕರ ಸಂಘ, ಕಾರ್ಮಿಕ ಸಂಘಗಳು. ಅಲ್ಲಿ ಒಬ್ಬರ ಅನ್ನ ಇನ್ನೊಬ್ಬರ ಕೈಯಲ್ಲಿರುತ್ತದೆ. ಗಾಳಿಸುದ್ದಿ ಬಂದರೆ ಫೋನ್ ಮಾಡಿ ‘ಹೌದೇನ್ರೀ?’ ಎಂದು ಕೇಳಲು ಪರಿಚಯದವರಿರುತ್ತಾರೆ. 1984ರಲ್ಲಿ ಹೊತ್ತಿ ಉರಿದಿದ್ದ ಭಿವಂಡಿ, ಆಮೇಲೆ ಪೊಲೀಸರು ಎರಡೂ ಕಡೆಯವರನ್ನು ಸೇರಿಸಿ ಕಟ್ಟಿದ ಮೊಹಲ್ಲಾ (ಕೇರಿ) ಸಮಿತಿಗಳಿಂದಾಗಿ 1992-93ರಲ್ಲಿ, ಪಕ್ಕದ ಮುಂಬೈ ಉರಿಯುವಾಗಲೂ, ಶಾಂತವಾಗಿತ್ತು.

ಹಾಗಾಗಿ ಚರಂಡಿಯಿಂದ ಶುರುಮಾಡಿ. ನಿಜವಾಗಿ ಹೇಳುತ್ತಿದ್ದೇನೆ. ಮಳೆಗಾಲಕ್ಕೆ ಮೊದಲು ಎರಡೂ ಕಡೆಯವರು ಸೇರಿ ಪಾಲಿಕೆಗೆ ಅರ್ಜಿ ಕೊಡಿ, ಬೆನ್ನುಹತ್ತಿ ಮಾಡಿಸಿ. ಆ ಗುಂಪನ್ನು ಬಿಡದೆ ಪ್ರತಿ ತಿಂಗಳೂ ಸೇರಿಸಿ. ಗಣಪತಿ ಮೆರವಣಿಗೆ, ಈದ್ ಬರುವ ಹೊತ್ತಿಗೆ ಒಬ್ಬರ ನಂಬರು ಒಬ್ಬರಲ್ಲಿರಲಿ.

ಹೆಂಗಸರನ್ನು ಖಂಡಿತ ಸೇರಿಸಿಕೊಳ್ಳಿ. ಒಂದು ವ್ಯಾನ್ ಮಾಡಿಕೊಂಡು ಎಲ್ಲರೂ ಹಣಗೆರೆಕಟ್ಟೆಗೆ ಹೋಗಿಬನ್ನಿ. ದರ್ಗಾ, ಭೂತರಾಯ-ಚೌಡೇಶ್ವರಿ ಎರಡೂ ಒಂದೇ ಆವರಣದಲ್ಲಿವೆ. ಹರಕೆ ಹೊತ್ತವರು ಎರಡೂ ಕಡೆ ಕೈಮುಗಿಯುತ್ತಾರೆ.