15 ಕಿಲೋ ಹೊರುವ ಹೆಡ್, 3 ಕಿಲೋಗೆ ಮಗುಚಿದ್ದು ಹೇಗೆ?

ನಮಸ್ಕಾರ,

ನಿಮ್ಮ ಲೇಖನ ಬಂದು ಮೂರು ವಾರ ಆಯಿತು. ತಡವಾಗಿದ್ದಕ್ಕೆ ಬೇಸರ ಬೇಡ. ಎರಡು ಸಲ ಸುಮ್ನೆ ಓದಿದೆ, ಮೂರನೇ ಸಲ ಪೆನ್ಸಿಲ್ ಹಿಡಿದು ಓದಿದೆ. 'ಭಾರದ ಟೆಲಿಫೋಟೊ ಲೆನ್ಸ್‌ಗಳಿಗೆ ಕೈಗೆಟುಕುವ ಹತ್ತು ಟ್ರೈಪಾಡ್ ಹೆಡ್‌ಗಳು' ಅನ್ನುವ, ಟ್ರೈಪಾಡ್ ಮೇಲೆ ಕ್ಯಾಮೆರಾ ಹಿಡಿದು ತಿರುಗಿಸುವ ತಲೆಗಳ ಬಗ್ಗೆ ಇರುವ ಈ ಬರಹವನ್ನು ಇದ್ದ ಹಾಗೇ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ವಿಷಾದದ ಎರಡು ಸಾಲು ಬರೆದು ಕೈ ತೊಳೆದುಕೊಳ್ಳಲೂ ಮನಸ್ಸಿಲ್ಲ. ಯಾಕಂದ್ರೆ ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಐದನೇ ಪುಟದ ತಳದಲ್ಲಿ ಮುದುಡಿಕೊಂಡು ಕೂತಿದೆ.

ಆ ಸಾಲು ಇದು (ಬಾಲ್‌ಹೆಡ್ ಅಂದರೆ ಗುಂಡಿನ ಮೇಲೆ ಎಲ್ಲ ಕಡೆಗೂ ವಾಲುವ ಹೆಡ್): "ಕಳೆದ ಚಳಿಗಾಲದಲ್ಲಿ ಮಾಗಡಿ ಕೆರೆಯ ದಂಡೆಯಲ್ಲಿ ನನ್ನ ಬಾಲ್‌ಹೆಡ್ ಜಾರಿ ಕ್ಯಾಮೆರಾ ಸಮೇತ ಟ್ರೈಪಾಡ್ ಕೆಸರಿಗೆ ಬಿತ್ತು, ಆದ್ದರಿಂದ ಎಚ್ಚರ ಅಗತ್ಯ."

ಅಲ್ಲ ಮಾರಾಯರೇ, ಇಷ್ಟೇನಾ? ಶಿರಹಟ್ಟಿ ಕಡೆಯ ಆ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ನೀವು ಚಳಿಯಲ್ಲಿ ದಂಡೆ ಮೇಲೆ ಕಾಯುತ್ತಾ ನಿಂತಿದ್ದೀರಿ. ಹಿಂಡು ಹೊಲದಿಂದ ಎದ್ದು ಕೆರೆ ಕಡೆ ಬರುವ ಹೊತ್ತಿಗೆ ನಿಮ್ಮ ವರ್ಷಗಳ ಉಳಿತಾಯ ಕೆಸರಲ್ಲಿ ಮಕಾಡೆ ಮಲಗಿದೆ. ಓದುಗರಿಗೆ ಬೇಕಾದದ್ದು ಇದು. ನೀವು ಕೊಟ್ಟಿರುವುದು ಹತ್ತು ಸಾಲಿನ ಒಂದು ಪಟ್ಟಿ. ಹೆಸರು, ತೂಕ, ಎಷ್ಟು ಕಿಲೋ ಹೊರುತ್ತೆ, ಬೆಲೆ. ಅದನ್ನು ಯಾರು ಬೇಕಾದರೂ ಮಾಡಬಹುದು. ನಿಜ ಹೇಳಬೇಕಂದ್ರೆ ಮಾರುವವರೇ ಮಾಡಿಟ್ಟಿದ್ದಾರೆ.

ನಿಮ್ಮ ಜೊತೆಪತ್ರ ನೋಡಿ. ನಿಕಾನ್ 200-500 ಮಿ.ಮೀ. ಜೂಮ್ ಲೆನ್ಸ್, ಡಿ500 ಕ್ಯಾಮೆರಾ ಬಾಡಿ ಅಂತ ಬರೆದಿದ್ದೀರಿ. ಲೆನ್ಸ್, ಅದನ್ನು ಟ್ರೈಪಾಡ್‌ಗೆ ಸಿಕ್ಕಿಸುವ ಬಳೆ ಅಂದರೆ ಕಾಲರ್ ಸೇರಿ, 2,300 ಗ್ರಾಂ, ಬಾಡಿ 860 ಗ್ರಾಂ. ಎರಡೂ ಸೇರಿದರೆ 3 ಕಿಲೋ ಚಿಲ್ಲರೆ. ಬಿದ್ದ ಬಾಲ್‌ಹೆಡ್‌ನ ಡಬ್ಬದ ಮೇಲೆ 15 ಕಿಲೋ ಅಂತ ಅಚ್ಚಾಗಿತ್ತು ಅಂತಲೂ ನೀವೇ ಬರೆದಿದ್ದೀರಿ. ಐದು ಪಟ್ಟು ಹೊರಬೇಕಾದದ್ದು 3 ಕಿಲೋಗೆ ಯಾಕೆ ಸೋತಿತು? ಇಡೀ ಲೇಖನದಲ್ಲಿ ಈ ಪ್ರಶ್ನೆಯನ್ನು ನೀವು ಒಂದು ಸಲವೂ ಕೇಳಿಕೊಂಡಿಲ್ಲ. ಕೇಳಿಕೊಳ್ಳುವುದು ಬಿಟ್ಟು, ಅದೇ ಡಬ್ಬದ ಅಂಕಿಯನ್ನು ಪಟ್ಟಿಯಲ್ಲಿ ತುಂಬಿಸಿ, 'ಹೆಚ್ಚು ಸಾಮರ್ಥ್ಯದ್ದನ್ನೇ ಆರಿಸಿ' ಅಂತ ಓದುಗರಿಗೆ ಬುದ್ಧಿ ಹೇಳಿದ್ದೀರಿ. ನಿಮ್ಮನ್ನು ಬೀಳಿಸಿದ್ದೇ ಆ ಅಂಕಿ ಅಲ್ವಾ?

ಆ ಕಿಲೋ ಲೆಕ್ಕವನ್ನು ಎಲ್ಲ ಕಂಪನಿಗಳೂ ಒಂದೇ ರೀತಿ ಅಳೆಯುವುದಿಲ್ಲ. ಎಲ್ಲರಿಗೂ ಸಲ್ಲುವ ಮಾನದಂಡ ಅಂತ ಒಂದಿಲ್ಲ. ನೆಟ್ಟಗೆ ನಿಲ್ಲಿಸಿದ ತೂಕವನ್ನು ಹೊರುವುದೇ ಬೇರೆ, ಓರೆಯಾದ ತೂಕವನ್ನು ಹಿಡಿದು ನಿಲ್ಲಿಸುವುದೇ ಬೇರೆ. ಬಾಲ್‌ಹೆಡ್ ಮೇಲೆ ಲೆನ್ಸ್ ಕೂರುವುದು ಗುಂಡಿನ ಮೇಲುಗಡೆ. ಕ್ಲಾಂಪು, ಪ್ಲೇಟು, ಲೆನ್ಸಿನ ಕಾಲು, ಆಮೇಲೆ ಲೆನ್ಸಿನ ಕೊಳವೆ. ತೂಕದ ನಡು ಗುಂಡಿನಿಂದ ಸಾಕಷ್ಟು ಮೇಲಿರುತ್ತೆ. ತಲೆ ಮೇಲೆ ತುಂಬಿದ ಕೊಡ ಇಟ್ಟುಕೊಂಡವರು ನೆಟ್ಟಗೆ ನಡೆಯುವವರೆಗೆ ಏನೂ ಆಗುವುದಿಲ್ಲ. ಒಂಚೂರು ಬಾಗಲಿ, ನೋಡಿ. ಬಾಗಿದಷ್ಟೂ ಎಳೆತ ಜಾಸ್ತಿ. ಹಕ್ಕಿ ಹಿಂದೆ ಲೆನ್ಸ್ ತಿರುಗಿಸಬೇಕಂದ್ರೆ ನಾಬ್ ಸಡಿಲ ಬಿಡಲೇಬೇಕು. ಬಿಟ್ಟ ಮರುಕ್ಷಣ 3 ಕಿಲೋ ಪೂರ್ತಿ ಒಂದೇ ಕಡೆ ವಾಲುತ್ತೆ, ಆ ಹೊಡೆತಕ್ಕೆ ಟ್ರೈಪಾಡಿನ ಒಂದು ಕಾಲು ನೆಲ ಬಿಡುತ್ತೆ, ದಂಡೆಯ ಇಳಿಜಾರು ಉಳಿದ ಕೆಲಸ ಮುಗಿಸುತ್ತೆ. ನಿಮ್ಮದು ಹೀಗೇ ಬಿದ್ದಿರಬೇಕು ಅಂತ ನನ್ನ ಊಹೆ. ಬೇರೆ ಥರ ಬಿದ್ದಿದ್ದರೆ ಅದನ್ನು ಬರೆಯಿರಿ. ಆದರೆ ಆ ಹೆಡ್‌ನ ಕಂಪನಿ ಹೆಸರು ಬೇಡ. ಬೇರೆ ಯಾವ ಬಾಲ್‌ಹೆಡ್ ಇದ್ದಿದ್ದರೂ ಹಾಗೆ ಸಡಿಲ ಬಿಟ್ಟರೆ ಇದೇ ಕಥೆ.

ಇಲ್ಲಿಂದ ನೇರ ಇನ್ನೊಂದು ಥರದ ಹೆಡ್‌ಗೆ, ಗಿಂಬಲ್‌ಗೆ ಬನ್ನಿ. 'ಗಿಂಬಲ್ ಹೆಡ್ ಅತ್ಯುತ್ತಮ ಸ್ಥಿರತೆ ನೀಡುತ್ತದೆ' ಅಂತ ಮೂರು ಕಡೆ ಬರೆದಿದ್ದೀರಿ. ಹೇಗೆ ನೀಡುತ್ತದೆ ಅಂತ ಒಂದು ಕಡೆಯೂ ಇಲ್ಲ. ಗಿಂಬಲ್‌ನಲ್ಲಿ ಲೆನ್ಸ್ ಮೇಲೆ ಕೂರುವುದಿಲ್ಲ, ತೋಳಿನ ಪಕ್ಕದಲ್ಲಿ ತೂಗುತ್ತೆ. ತೂಕದ ನಡುವೂ ತಿರುಗುವ ಅಕ್ಷವೂ ಒಂದೇ ಕಡೆ ಬಂದರೆ ಯಾವ ಕೋನದಲ್ಲಿ ಬಿಟ್ಟರೂ ಲೆನ್ಸ್ ಅಲ್ಲೇ ನಿಲ್ಲುತ್ತೆ, ಒಂದು ಬೆರಳಲ್ಲಿ ತಿರುಗಿಸಬಹುದು. ಅಂದರೆ ಅದರ ಗುಟ್ಟು ಬಿಗಿ ಹಿಡಿತದಲ್ಲಿಲ್ಲ, ತಕ್ಕಡಿ ಸಮ ಆಗುವುದರಲ್ಲಿದೆ. ನಿಮ್ಮ ಲೇಖನದ ಬೆನ್ನೆಲುಬು ಈ ಒಂದು ಮಾತು ಆಗಬೇಕು. ಇದು ತಿಳಿದ ಓದುಗನಿಗೆ ಡಬ್ಬದ ಮೇಲೆ 15 ಇದ್ದರೇನು, 23 ಇದ್ದರೇನು, ಆತ ಮೊದಲು ತೋಳಿನ ಕಡೆ ನೋಡುತ್ತಾನೆ.

ಸಮ ಮಾಡುವುದು ಹೇಗೆ ಅಂತ ಬರೆಯಲು ಅರ್ಧ ಪುಟ ಕೊಡಿ, ಇದರಲ್ಲಿ ಜಿಪುಣತನ ಬೇಡ. ಮೊದಲು ಪ್ಲೇಟನ್ನು ಹಿಂದೆ ಮುಂದೆ ಸರಿಸಿ ಮೂತಿ ಭಾರ, ಬೆನ್ನು ಭಾರ ಎರಡೂ ಇಲ್ಲದ ಹಾಗೆ ಮಾಡಬೇಕು. ಆಮೇಲೆ ಎತ್ತರ. ಇದನ್ನು ತುಂಬಾ ಜನ ಮರೆಯುತ್ತಾರೆ. ಲೆನ್ಸ್ ಅಕ್ಷಕ್ಕಿಂತ ಕೆಳಗಿದ್ದರೆ ಅದು ತೊಟ್ಟಿಲಿನ ಹಾಗೆ, ಎಷ್ಟು ಎತ್ತಿದರೂ ವಾಪಸ್ ನಡುವಿಗೇ ಬರುತ್ತೆ. ಮೇಲಿದ್ದರೆ ಅದೇ ಹಳೇ ಬಾಲ್‌ಹೆಡ್ ಕಾಟ, ವಾಲಿಕೊಂಡು ಹೋಗುತ್ತೆ. ಮೂತಿಯನ್ನು ಆಕಾಶದ ಕಡೆ ಅರ್ಧ ಎತ್ತಿ ಕೈ ಬಿಡಿ. ಅಲ್ಲೇ ನಿಂತರೆ ಸರಿಯಾಗಿದೆ. ಅಗ್ಗದ ಗಿಂಬಲ್‌ಗಳಲ್ಲಿ ಕೆಲವಕ್ಕೆ ಈ ಎತ್ತರ ಹೊಂದಿಸುವ ವ್ಯವಸ್ಥೆಯೇ ಇರುವುದಿಲ್ಲ. ಕೊಳ್ಳುವವನು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಇದನ್ನೇ. ನಿಮ್ಮ ಪಟ್ಟಿಯಲ್ಲಿ ಇದಕ್ಕೊಂದು ಕಾಲಂ ಇಲ್ಲ, ಆದರೆ ಬಣ್ಣಕ್ಕೆ ಇದೆ!

ಇನ್ನೊಂದು. ನಿಮ್ಮ ಲೆನ್ಸ್ ಜೂಮ್ ಮಾಡಿದಾಗ ಉದ್ದ ಆಗುತ್ತೆ. ಸಿಗ್ಮಾ, ಟ್ಯಾಮ್ರಾನ್‌ನ 150-600ಗಳೂ ಹಾಗೇ. 200ರಲ್ಲಿ ಸಮ ಮಾಡಿಟ್ಟದ್ದು 500ಕ್ಕೆ ಹೋದ ಕೂಡಲೇ ಮೂತಿ ಭಾರ ಆಗುತ್ತೆ. ಸೋನಿ 200-600ರ ಜೂಮ್ ಒಳಗೇ ನಡೆಯುವುದರಿಂದ ಆ ಲೆನ್ಸ್ ಇರುವವರಿಗೆ ಈ ತಲೆನೋವು ಹೆಚ್ಚೇನಿಲ್ಲ. ಹಕ್ಕಿ ತೆಗೆಯುವವರು ಹೇಗೂ ಕೊನೇ ತುದಿಯಲ್ಲೇ ಇರುತ್ತಾರೆ, ಹಾಗಾಗಿ ಆ ತುದಿಯಲ್ಲೇ ಸಮ ಮಾಡಿಕೊಳ್ಳಿ ಅಂತ ಹೇಳಿದರೆ ಸಾಕು. ಬಾಡಿ ಬಿಚ್ಚುವಾಗ ಮೇಲೆ ಕೆಳಗೆ ಆಡುವ ನಾಬನ್ನು ಬಿಗಿ ಮಾಡದೇ ಹೋದರೆ ಹಿಂದಿನ ಭಾರ ಹೋಗಿ ಲೆನ್ಸ್ ದೊಪ್ಪಂತ ಮೂತಿ ಕೆಳಗೆ ಹಾಕುತ್ತೆ. ಇದನ್ನೂ ಸೇರಿಸಿ. ನನ್ನ ಹೆಬ್ಬೆರಳಿನ ಉಗುರು ಒಂದು ಸಲ ಇದಕ್ಕೇ ಕಪ್ಪಾಗಿತ್ತು.

ಈಗ 'ಕೈಗೆಟುಕುವ' ಅನ್ನುವ ಪದ. ಯಾರ ಕೈಗೆ? ಹೇಳಿಲ್ಲ. ವಿಂಬರ್ಲಿ ಕಂಪನಿಯ ಗಿಂಬಲ್ ಅಮೆರಿಕದಲ್ಲೇ ಹಲವು ನೂರು ಡಾಲರ್. ಅದನ್ನು ನಿಮ್ಮ ಪಟ್ಟಿಯ ಕೊನೆಯಲ್ಲಿ 'ಸ್ವಲ್ಪ ದುಬಾರಿ' ಅಂತ ಇಟ್ಟಿದ್ದೀರಿ. ಸ್ವಲ್ಪಾನಾ? ನಿಮ್ಮ ಓದುಗನನ್ನು ಕಣ್ಣ ಮುಂದೆ ತಂದುಕೊಳ್ಳಿ. ಸಾಲ ಮಾಡಿ ಲೆನ್ಸ್ ಕೊಂಡಿದ್ದಾನೆ, ಈಗ ಕೈಯಲ್ಲಿ ಹತ್ತು ಸಾವಿರ ಉಳಿದಿದೆ, ಮನೆಯಲ್ಲಿ ಅದನ್ನೂ ಹೇಳಿಲ್ಲ. ಅವನಿಗೆ ಬರೆಯಿರಿ. ಹಳೇ ಲೆನ್ಸ್ ಕೊಂಡವರನ್ನು ಅಂತೂ ಮರೆಯಲೇಬೇಡಿ. ಕ್ಯಾನನ್‌ನ 600 ಮಿ.ಮೀ. ಎಫ್4 ಲೆನ್ಸ್, ನಡುಕ ತಡೆಯುವ ಐಎಸ್ ಬಂದ ಮೊದಲ ಅವತಾರದಲ್ಲಿ, 5,360 ಗ್ರಾಂ ಇತ್ತು, ಮೂರನೇ ಅವತಾರದಲ್ಲಿ 3,050ಕ್ಕೆ ಇಳಿದಿದೆ. ಹೊಸದು ಕೊಳ್ಳುವ ಶಕ್ತಿ ಇರುವವರಿಗೆ ಹಗುರ ಲೆನ್ಸೂ ಸಿಕ್ಕಿತು, ಒಳ್ಳೆಯ ಹೆಡ್ಡೂ ಸಿಕ್ಕಿತು. ಸೆಕೆಂಡ್ ಹ್ಯಾಂಡ್‌ನಲ್ಲಿ ಆ ಐದು ಕಿಲೋದ ಗುಂಡುಕಲ್ಲು ಹೊತ್ತು ತಂದವರಿಗೇ ಅಗ್ಗದ ಹೆಡ್ ಬೇಕಾಗಿರುವುದು. ನಿಮ್ಮ ಶೀರ್ಷಿಕೆಯ 'ಭಾರದ' ಅನ್ನುವ ಮಾತಿಗೆ ನಿಜವಾದ ಹಕ್ಕುದಾರರು ಅವರು.

ಇಂಥವರಿಗೆ ದಾರಿ ಏನು? ಹತ್ತು ಹೆಸರು ಬೇಡ. ಅಲ್ಯೂಮಿನಿಯಂ ಗಿಂಬಲ್‌ಗಳಲ್ಲಿ ಬೆನ್ರೊ ಕಂಪನಿ ಥರದ್ದು ಒಂದು, ನೀವರ್ ಕಂಪನಿ ಥರದ ಇನ್ನೂ ಅಗ್ಗದ್ದು ಒಂದು ಸಾಕು. ಅಂಗಡಿಯಲ್ಲಿ ಹೇಗೆ ಪರೀಕ್ಷೆ ಮಾಡಬೇಕು ಅಂತ ಹೇಳಿಕೊಟ್ಟರೆ ಮಿಕ್ಕ ಎಂಟನ್ನು ಅವರೇ ಅಳೆದುಕೊಳ್ಳುತ್ತಾರೆ. ಸ್ವಂತ ಲೆನ್ಸ್ ತೆಗೆದುಕೊಂಡು ಹೋಗಲಿ. ಹೆಡ್ ಬಿಗಿ ಮಾಡಿ, ಲೆನ್ಸ್ ಮೂತಿಗೆ ಹಾಕುವ ಹುಡ್‌ನ ತುದಿ ಹಿಡಿದು ಮೆಲ್ಲಗೆ ಎಡಕ್ಕೆ ಬಲಕ್ಕೆ ಅಲ್ಲಾಡಿಸಲಿ. ಕಟಕಟ ಅಂದರೆ ಬೇರಿಂಗ್ ಸಡಿಲ. ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾದ ಹಿಂದಿನ ಪರದೆಯಲ್ಲಿ, ಚಿತ್ರವನ್ನು ಪೂರ್ತಿ ಹಿಗ್ಗಿಸಿ ಲೆನ್ಸ್ ಮೇಲೊಂದು ಬೆರಳ ಪೆಟ್ಟು ಕೊಟ್ಟು, ಚಿತ್ರದ ನಡುಕ ನಿಲ್ಲಲು ಎಷ್ಟು ಹೊತ್ತು ಬೇಕು ಅಂತ ಎಣಿಸಲಿ. ತುಂಬಾ ನಿಧಾನಕ್ಕೆ ತಿರುಗಿಸುವಾಗ ಮೊದಲು ಅಂಟಿಕೊಂಡು ಆಮೇಲೆ ಜಗ್ಗಂತ ಹಾರಿದರೆ ಆ ಹೆಡ್ ಬೇಡವೇ ಬೇಡ, ಫ್ರೇಮಿನಲ್ಲಿದ್ದ ಹಕ್ಕಿ ಕೈತಪ್ಪುವುದು ಅಲ್ಲೇ. ಈ ಪರೀಕ್ಷೆಗಳಿಗೆ ದುಡ್ಡು ಬೇಕಿಲ್ಲ, ಅಂಗಡಿಯವನ ಮುಖ ನೋಡದ ಧೈರ್ಯ ಬೇಕು.

ಸೆಕೆಂಡ್ ಹ್ಯಾಂಡ್ ಹೆಡ್ ಬಗ್ಗೆ ನೀವು ಒಂದಕ್ಷರ ಬರೆದಿಲ್ಲ. ಗಿಂಬಲ್‌ನಲ್ಲಿ ಸೆನ್ಸರ್ ಇಲ್ಲ, ಬ್ಯಾಟರಿ ಇಲ್ಲ, ಕಬ್ಬಿಣ ಅಲ್ಯೂಮಿನಿಯಂ ಅಷ್ಟೇ. ಹಳೇ ಲೆನ್ಸ್ ಕೊಳ್ಳಲು ಹೆದರುವವರೂ ಹಳೇ ಗಿಂಬಲ್ ಕೊಳ್ಳಬಹುದು, ಬೇರಿಂಗ್ ಮತ್ತು ನಾಬ್‌ನ ತಿರುಪು ನೋಡಿಕೊಂಡರೆ ಆಯಿತು. ಈಗಾಗಲೇ ಗಟ್ಟಿ ಬಾಲ್‌ಹೆಡ್ ಇರುವವರಿಗೆ ಸೈಡ್‌ಕಿಕ್ ಅಂತ ಒಂದು ತೋಳು ಬರುತ್ತೆ. ಬಾಲ್‌ಹೆಡ್ ಅನ್ನು ಪಕ್ಕಕ್ಕೆ ಮಲಗಿಸಿ ಅದಕ್ಕೆ ಈ ತೋಳು ಸಿಕ್ಕಿಸಿದರೆ ಅರ್ಧ ಗಿಂಬಲ್ ಆಗುತ್ತೆ. ನಿಮ್ಮ 200-500ರಂಥ ಲೆನ್ಸಿಗೆ ಸರಿ, ಐದು ಕಿಲೋದ್ದಕ್ಕೆ ಬೇಡ. ವಿಡಿಯೋ ಮಾಡುವವರಿಗೆ ಮೆಲ್ಲಗೆ, ಒಂದೇ ಸಮ ತಿರುಗುವ ಫ್ಲೂಯಿಡ್ ಹೆಡ್. ಅದನ್ನು ನಾಲ್ಕು ಸಾಲಲ್ಲಿ ಮುಗಿಸಿ, ಅದರ ಲೆಕ್ಕವೇ ಬೇರೆ.

ಒಂದು ತಪ್ಪನ್ನು ಮಾತ್ರ ನಾನು ಬಿಡುವುದಿಲ್ಲ. 'ಕಬಿನಿ ಸಫಾರಿಗೂ ಗಿಂಬಲ್ ಉತ್ತಮ ಆಯ್ಕೆ' ಅಂದಿದ್ದೀರಿ. ನೀವು ಸಫಾರಿ ಜೀಪಲ್ಲಿ ಕೂತಿದ್ದೀರಾ? ಪಕ್ಕದವರ ಮೊಣಕಾಲು ನಿಮ್ಮ ಹೊಟ್ಟೆಗೆ ತಾಗುತ್ತಿರುತ್ತೆ, ಟ್ರೈಪಾಡಿನ ಮೂರು ಕಾಲು ಎಲ್ಲಿಡುತ್ತೀರಿ? ಅಲ್ಲಿ ಕೆಲಸಕ್ಕೆ ಬರುವುದು ಬೀನ್ ಬ್ಯಾಗು. ಖಾಲಿ ಚೀಲ ಮಡಚಿ ಬ್ಯಾಗಲ್ಲಿ ಇಟ್ಟುಕೊಂಡು ಹೋಗಿ, ಅಲ್ಲೇ ದಿನಸಿ ಅಂಗಡಿಯಲ್ಲಿ ಎರಡು ಮೂರು ಕಿಲೋ ಅಕ್ಕಿಯೋ ರಾಗಿಯೋ ಕೊಂಡು ತುಂಬಿಸಿದರೆ ಮುಗೀತು. ವಾಪಸ್ ಬರುವಾಗ ಅದನ್ನೇ ಮನೆಗೆ ತರಬಹುದು, ಮುದ್ದೆ ಆಗುತ್ತೆ. ಅಗ್ಗದ ಹೆಡ್ ಬಗ್ಗೆ ಲೇಖನ ಬರೆಯುವವರು 'ಇಲ್ಲಿ ಹೆಡ್ಡೇ ಬೇಡ' ಅಂತ ಒಂದು ಕಡೆಯಾದರೂ ಹೇಳಿದರೆ ಓದುಗ ಮಿಕ್ಕಿದ್ದನ್ನೂ ನಂಬುತ್ತಾನೆ.

ನಿಮ್ಮ ಕೆರೆ ದಂಡೆ ಇಳಿಜಾರು ಅಂದಿರಿ. ಗಿಂಬಲ್‌ಗೆ ಇದೊಂದು ತೊಂದರೆ. ಬಾಲ್‌ಹೆಡ್ ಎಲ್ಲ ಕಡೆಗೂ ವಾಲುತ್ತೆ, ಓರೆಯನ್ನು ಅದರಲ್ಲೇ ಸರಿಮಾಡಬಹುದು. ಗಿಂಬಲ್ ಮೇಲೆ ಕೆಳಗೆ, ಎಡ ಬಲ ಅಷ್ಟೇ. ಕಾಲುಗಳನ್ನು ಉದ್ದ ಗಿಡ್ಡ ಮಾಡಿ ತಳ ಸಮ ಮಾಡದಿದ್ದರೆ ಲೆನ್ಸ್ ತಿರುಗಿಸುತ್ತಾ ಹೋದ ಹಾಗೆ ನೀರಿನ ಗೆರೆ ಓರೆ ಆಗುತ್ತಾ ಹೋಗುತ್ತೆ. ಆತುರದಲ್ಲಿ ಕಾಲರ್ ಸಡಿಲಿಸಿ ಲೆನ್ಸನ್ನೇ ಒಂಚೂರು ತಿರುಗಿಸಿ ಸರಿಮಾಡುವವರೂ ಇದ್ದಾರೆ. ಮತ್ತೆ ಟ್ರೈಪಾಡಿನ ನಡುವಿನ ಕಂಬ ಎತ್ತಲೇಬಾರದು, ಎತ್ತಿದರೆ ಒಳ್ಳೆಯ ಹೆಡ್ಡೂ ದಂಡ. ಗಿಂಬಲ್ ತೂಕ ಬೇರೆ ಇದೆ, ಒಂದೂವರೆ ಕಿಲೋ ಹತ್ತಿರ ಬರುತ್ತೆ. ಬಸ್ಸಿಳಿದು ನಡೆದು ಹೋಗುವವರಿಗೆ ಅದನ್ನೂ ಹೇಳಿ.

ಭಾಷೆ ಬಗ್ಗೆ ಎರಡು ಮಾತು. 'ಛಾಯಾಗ್ರಹಣವು ಒಂದು ಕಲೆಯಾಗಿದೆ' ಅಂತ ಶುರು ಮಾಡಿದ್ದೀರಿ. ಮೊದಲ ಪುಟ ಪೂರ್ತಿ ಹೊಡೆದುಹಾಕಿದ್ದೇನೆ, ಏನೂ ಕಳೆದುಹೋಗಲಿಲ್ಲ. 'ಅತ್ಯುತ್ತಮ ಗುಣಮಟ್ಟ' ಹನ್ನೊಂದು ಸಲ ಬಂದಿದೆ, ಎಣಿಸಿದೆ. 'ನಿಮ್ಮ ಜೇಬಿನಲ್ಲಿ ರಂಧ್ರ ಮಾಡುವುದಿಲ್ಲ' ಅಂತ ಒಂದು ಕಡೆ ಇದೆ. ನಿಮ್ಮ ಮನೆಯಲ್ಲಿ ಯಾರು ಹೀಗೆ ಮಾತಾಡುತ್ತಾರೆ? ಜೇಬಿಗೆ ಭಾರ ಅಲ್ಲ ಅಂದರೆ ಸಾಲದೇ? ಟ್ರೈಪಾಡ್‌ಗೆ 'ತ್ರಿಪಾದಿ' ಅಂತ ಒಂದು ಪುಟ, ಮುಂದಿನ ಪುಟದಲ್ಲಿ ಟ್ರೈಪಾಡ್, ಆಮೇಲೆ 'ಮುಕ್ಕಾಲಿ'. ಒಂದನ್ನು ಹಿಡಿಯಿರಿ. ಎಲ್ಲರೂ ಟ್ರೈಪಾಡ್ ಅಂತಲೇ ಅನ್ನುತ್ತಾರೆ, ಅದೇ ಇರಲಿ. ಬೆಲೆಗಳನ್ನು ಹಬ್ಬದ ಸೇಲ್‌ನಿಂದ ತೆಗೆದ ಹಾಗಿದೆ. ಪತ್ರಿಕೆ ಕೈಗೆ ಬರುವ ಹೊತ್ತಿಗೆ ಅವು ಸುಳ್ಳಾಗಿರುತ್ತವೆ. ನೀವು ಸ್ವಂತ ಕೊಟ್ಟ ದುಡ್ಡು ಎಷ್ಟು, ಯಾವ ತಿಂಗಳು ಅಂತ ಬರೆಯಿರಿ. ಅದು ಯಾವತ್ತಿಗೂ ನಿಜವೇ.

ಹಾಗಾದರೆ ಹೊಸದಾಗಿ ಬರೆಯುವಾಗ ಬೀಳುವುದರಿಂದಲೇ ಶುರು ಮಾಡಿ. ಪಟ್ಟಿ ಬೇಡ. 1,200 ಪದ ಮೀರಬೇಡಿ. ನವೆಂಬರ್ 10ರ ಒಳಗೆ ಕಳಿಸಿದರೆ ಡಿಸೆಂಬರ್ ಸಂಚಿಕೆಗೆ ಹಾಕುತ್ತೇನೆ, ಬಾತುಗಳೂ ಅಷ್ಟೊತ್ತಿಗೆ ಬಂದಿರುತ್ತವೆ. ಜೊತೆಗೆ ನೀವು ಕಳಿಸಿದ ಮಿಂಚುಳ್ಳಿ ಚಿತ್ರ ಬೇಡ, ಚೆನ್ನಾಗಿದೆ ಆದರೆ ಎಲ್ಲರ ಹತ್ತಿರವೂ ಇದೆ. ಕೆಸರು ಮೆತ್ತಿದ ಆ ಲೆನ್ಸಿನ ಚಿತ್ರ ಫೋನಲ್ಲಾದರೂ ತೆಗೆದಿದ್ದರೆ ಅದನ್ನು ಕಳಿಸಿ. ಮತ್ತೆ ಒಂದು ವಿಷಯ ನೀವು ಎಲ್ಲೂ ಹೇಳಿಲ್ಲ, ಓದಿದಾಗಿನಿಂದ ತಲೆ ತಿನ್ನುತ್ತಿದೆ. ಆ ಲೆನ್ಸ್ ಈಗ ಫೋಕಸ್ ಆಗುತ್ತಿದೆಯಾ?