ಫಿಟ್ಟರ್ ಸೇರ್ಸೋದಾ, ಪಿಯುಸಿಗೆ ಹಾಕೋದಾ?

ಪ್ರಶ್ನೆ: ಸಾರ್ ನಮಸ್ಕಾರ. ಮಗ ಎಸ್ಸೆಸ್ಸೆಲ್ಸಿ ಪಾಸಾಗಿದಾನೆ, 56 ಪರ್ಸೆಂಟು. ಮನೇಲಿ ಮಿಕ್ಸಿ ಕೆಟ್ರೆ ಅವನೇ ಬಿಚ್ಕೊಂಡು ಕೂರೋದು, ಐಟಿಐ ಫಿಟ್ಟರ್ ಸೇರ್ತೀನಿ ಅಂತ ಒಂದೇ ಹಠ. ನಮ್ ಭಾವ ಮಾತ್ರ "ಐಟಿಐಗೆ ಹೋಗೋರು ದಡ್ಡರು, ಕಾಮರ್ಸಿಗೆ ಹಾಕು, ಡಿಗ್ರಿ ಇದ್ರೆ ನಾಳೆ ಹೆಣ್ಣಾದ್ರೂ ಸಿಗುತ್ತೆ" ಅಂತಾರೆ. ಏನ್ ಮಾಡ್ಲಿ?
- ಒಬ್ಬ ಓದುಗರು, ತಿಪಟೂರು

ಉತ್ತರ: ಹದಿನಾರು ವರ್ಷದ ಹುಡುಗಂಗೆ ಈಗ್ಲೇ ಹೆಣ್ಣಿನ ಚಿಂತೆ ಯಾಕೆ ಬಿಡಿ. ದಡ್ಡರು ಅನ್ನೋ ಮಾತು ನಮ್ಮಪ್ಪನ ಬಾಯಲ್ಲೂ ಕೇಳಿದೀನಿ, ನಾನೂ ಫಿಟ್ಟರೇ, ಅಂದ್ರೆ ಯಂತ್ರದ ಭಾಗಗಳನ್ನ ಅಳತೆಗೆ ಸರಿಮಾಡಿ ಜೋಡಿಸೋನು.

ನಮಗೆ ಶುರುನಲ್ಲಿ ವಾರಗಟ್ಲೆ ಒಂದೇ ಕೆಲ್ಸ, ಕಬ್ಬಿಣದ ತುಂಡನ್ನ ವೈಸಿಗೆ ಕಚ್ಚಿಸಿ ಅರ ಉಜ್ಜೋದು, ಉಜ್ಜಿ ಉಜ್ಜಿ ಅಂಗೈ ಬೊಬ್ಬೆ ಬಂದು ಊಟಕ್ಕೆ ಕೂತ್ರೆ ಸಾರು ತಾಗಿ ಉರಿಯೋದು, ಆಮೇಲೆ ಮೂಲೆ ಸರಿಯಿದ್ಯಾ ನೋಡೋ ಟ್ರೈಸ್ಕ್ವೇರ್ ಇಟ್ಟು ಕಿಟಕಿ ಕಡೆ ಹಿಡಿದ್ರೆ ಸಂದೀಲಿ ಬೆಳಕು ಸೋರ್ಬಾರ್ದು, ಕೂದಲೆಳೆಯಷ್ಟು ಸೋರಿದ್ರೂ ನಮ್ ಇನ್‌ಸ್ಟ್ರಕ್ಟರ್ ಮಾತಾಡ್ದೆ ತುಂಡು ವಾಪಸ್ ಕೈಗಿಡೋರು. ಅಳತೆ ನೋಡೋ ವರ್ನಿಯರ್‌ನಲ್ಲಿ 0.02 ಮಿಮೀ ಓದೋಕೆ ಕಣ್ಣು ಪಳಗಿದ್ದು, ಡ್ರಿಲ್ ಬಿಟ್ ಮೊಂಡಾಗಿದ್ರೆ ಸದ್ದಲ್ಲೇ ಗೊತ್ತಾಗೋದು, ಎಲ್ಲಾ ಹಂಗೇ ಬಂದಿದ್ದು. ಪುಸ್ತಕ ಓದಿ ಬರಲ್ಲ ಅದು.

ಡಿಗ್ರಿ ದಾರಿ ಮುಚ್ಚಿಹೋಗುತ್ತೆ ಅನ್ನೋ ಭಯಾನೂ ಬೇಡ. ಫಿಟ್ಟರ್ 2 ವರ್ಷದ್ದು, ಮುಗಿಸಿ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು, ಅಲ್ಲಿಂದ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದ್ರೆ ಬಿಇ ಎರಡನೇ ವರ್ಷ. ಮೆಶಿನ್ ಹುಚ್ಚು ಜಾಸ್ತಿ ಇದ್ರೆ ಜಿಟಿಟಿಸಿನೂ ನೋಡಿ, ಡೆನ್ಮಾರ್ಕ್ ನೆರವಿಂದ 1972ರಲ್ಲಿ ಬೆಂಗಳೂರಲ್ಲಿ ಶುರುವಾದ, ಅಚ್ಚು ಉಪಕರಣ ಮಾಡೋದು ಕಲಿಸೋ ಸರ್ಕಾರಿ ಟೂಲ್ ರೂಮು, ಈಗ ಬೇರೆ ಊರುಗಳಲ್ಲೂ ಇದೆ, ಅಲ್ಲಿ ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಕೊನೇ ವರ್ಷ ಫ್ಯಾಕ್ಟರೀಲೇ ಟ್ರೈನಿಂಗು.

ಆದ್ರೆ ಸುಳ್ಳು ಆಸೆ ಹುಟ್ಟಿಸಲ್ಲ. ಐಟಿಐ ಆದ್ಮೇಲೆ ಸಾಮಾನ್ಯವಾಗಿ ಕಂಪನೀಲಿ ಅಪ್ರೆಂಟಿಸ್ ಮಾಡ್ತಾರೆ, 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಸ್ಟೈಪೆಂಡ್ ಕೊಡ್ತಾರೆ, ಅದು ರೂಮು ಊಟಕ್ಕೇ ಸರಿಹೋಗುತ್ತೆ, ಮುಗಿದ ಮೇಲೆ ಅದೇ ಕಂಪನಿ ಕೆಲ್ಸಕ್ಕೆ ತಗೋಬೇಕು ಅಂತೇನಿಲ್ಲ, ಎಷ್ಟೋ ಹುಡುಗ್ರು ಕಾಂಟ್ರ್ಯಾಕ್ಟಲ್ಲೇ ವರ್ಷಗಟ್ಲೆ ಓಡಾಡ್ತಾರೆ. ಅಲ್ಲಿಂದ ಮೇಲೆ ಬರೋನು ಕೈಯಲ್ಲಿ ಕೆಲ್ಸ ಇರೋನು, ಬರೀ ಸರ್ಟಿಫಿಕೇಟ್ ಇರೋನಲ್ಲ. ಸರ್ಟಿಫಿಕೇಟ್ ಮಾತ್ರ ಕೊಡೋ ಐಟಿಐಗಳೂ ಇವೆ, ಒಂದು ಕಡೆ ಹೋಗಿದ್ದಾಗ ಲೇತ್ ಮೇಲೆ ಧೂಳು ಬೆರಳಲ್ಲಿ ಹೆಸ್ರು ಬರೆಯೋಷ್ಟಿತ್ತು.

ಅದಕ್ಕೇ ಅಡ್ಮಿಷನ್‌ಗೆ ಮುಂಚೆ ಕೇಂದ್ರ ಸರ್ಕಾರದ ಮಾನ್ಯತೆ (ಹಿಂದೆ ಎನ್‌ಸಿವಿಟಿ ಅಂತಿದ್ರು) ಯಾವ ಟ್ರೇಡಿಗಿದೆ ಅಂತ ಕೇಳಿ, ಒಂದು ಮಾಮೂಲಿ ದಿನ ಮಧ್ಯಾಹ್ನ ಹೇಳ್ದೆ ಕೇಳ್ದೆ ವರ್ಕ್‌ಶಾಪಿಗೆ ಹೋಗಿ, ಮಗನ್ನ ಕರ್ಕೊಂಡೇ. ಹುಡುಗ್ರ ಕೈಗೆ ಆಯಿಲ್ ಮೆತ್ತಿದ್ರೆ ಫಾರಂ ತಗೊಳಿ. ಬೀಗ ಹಾಕಿದ್ರೆ ಮುಂದಿನ ಬಸ್ಸಿಗೇ ವಾಪಸ್ ಬನ್ನಿ.