ಕಾಫಿ ಬೇಡವೆಂದ ಹುಡುಗರು

ಓದುಗರ ಪತ್ರ: ಅಮೆರಿಕದ ಅರಿಜೋನಾ ರಾಜ್ಯದ ಮೆಸಾದಲ್ಲಿ ಮಗನ ಮನೆಗೆ ಬಂದಿದ್ದೇನೆ. ಮೊನ್ನೆ ಮಧ್ಯಾಹ್ನ ಮೂರು ಗಂಟೆಯ ಉರಿಬಿಸಿಲಲ್ಲಿ ಇಬ್ಬರು ಹುಡುಗರು ಸೈಕಲ್‌ನಲ್ಲಿ ಬಂದು ಬೆಲ್ ಒತ್ತಿದರು. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಬಿಲ್ಲೆ. ಮಾರ್ಮನ್ ಎಂಬ ಕ್ರೈಸ್ತ ಪಂಥದ ಪ್ರಚಾರಕರಂತೆ. ವಿಚಿತ್ರ ಅಂದರೆ ಇಬ್ಬರ ಹೆಸರೂ 'ಎಲ್ಡರ್' ಅಂತಲೇ ಶುರು. ಫಿಲ್ಟರ್ ಕಾಫಿ ಮಾಡಿ ಕೊಟ್ಟೆ, ಮುಟ್ಟಲಿಲ್ಲ. ಬೇಜಾರಾಯಿತು. ಮಜ್ಜಿಗೆ ಕೊಟ್ಟರೆ ಎರಡೆರಡು ಲೋಟ ಕುಡಿದರು. ಮೀಸೆ ಚಿಗುರದ ಈ ಮಕ್ಕಳನ್ನು ಹೀಗೆ ಅಲೆಸುವವರು ಯಾರು? ಸಂಬಳ ಎಷ್ಟು? ನಂಬಿಕೆ ನಿಜವೋ, ಮನೆಯವರ ಬಲವಂತವೋ? ಮಗ 'ಇನ್ನೊಂದ್ಸಲ ಬಾಗಿಲು ತೆಗೀಬೇಡ' ಎಂದು ರೇಗಿದ. ಅಂದಹಾಗೆ, ಮಾರ್ಮನ್ನರಿಗೆ ನಾಲ್ಕು ಹೆಂಡಿರು ಎಂದು ನಿಮ್ಮ ಪತ್ರಿಕೆಯಲ್ಲೇ ಹಿಂದೆ ಓದಿದ ನೆನಪು. ಈ ಹುಡುಗರನ್ನು ನೋಡಿದರೆ ಒಬ್ಬಳಾದರೂ ಸಿಕ್ಕಾಳೇ ಎಂದು ಯೋಚನೆಯಾಯಿತು!
— ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಸಂಪಾದಕರ ಉತ್ತರ:

ಮೇಡಂ, ನಾವು ಹಾಗೆ ಬರೆದಿದ್ದರೆ ಅದು ತಪ್ಪು. ಹತ್ತೊಂಬತ್ತನೇ ಶತಮಾನದಲ್ಲಿ ಅವರಲ್ಲಿ ಬಹುಪತ್ನಿತ್ವ ಇದ್ದದ್ದು ನಿಜ. 1890ರಲ್ಲಿ ಅವರ ಚರ್ಚಿನ ಆಗಿನ ಅಧ್ಯಕ್ಷ ವಿಲ್ಫರ್ಡ್ ವುಡ್ರಫ್ ಅದನ್ನು ಕೈಬಿಡುವುದಾಗಿ ಘೋಷಿಸಿದರು. ಈಗ ಯಾರಾದರೂ ಎರಡನೇ ಹೆಂಡತಿ ಮಾಡಿಕೊಂಡರೆ ಚರ್ಚಿನಿಂದಲೇ ಹೊರಗೆ. ಸಿಡಿದುಹೋದ ಸಣ್ಣಪುಟ್ಟ ಗುಂಪುಗಳು ಹಳೇ ಪದ್ಧತಿ ಬಿಟ್ಟಿಲ್ಲ, ಸುದ್ದಿಯಾಗುವುದು ಅವೇ. 'ಮಾರ್ಮನ್' ಅನ್ನುವುದೂ ಹೊರಗಿನವರು ಕರೆದ ಹೆಸರು. 2018ರಿಂದ ಚರ್ಚು ತನ್ನ ಪೂರ್ತಿ ಹೆಸರನ್ನೇ ಬಳಸಿ ಎಂದು ಒತ್ತಿ ಕೇಳುತ್ತಿದೆ: ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಆ ಕಪ್ಪು ಬಿಲ್ಲೆಯ ಮೇಲೆ ಹುಡುಗನ ಹೆಸರಿನ ಕೆಳಗೆ ಇರುವುದು ಇದೇ. ನೀವಿರುವ ಮೆಸಾ ಊರನ್ನು 1878ರಲ್ಲಿ ಕಟ್ಟಿದವರೂ ಇವರೇ. ಒಂದು ಲೆಕ್ಕದಲ್ಲಿ ಅಲ್ಲಿ ನೀವೇ ನೆಂಟರು.

ಕಾಫಿಗೆ ಬರೋಣ. ಬೇಜಾರು ಮಾಡಿಕೊಳ್ಳಬೇಡಿ. ಈ ಪಂಥ ಸ್ಥಾಪಿಸಿದ ಜೋಸೆಫ್ ಸ್ಮಿತ್ 1833ರಲ್ಲಿ ಆರೋಗ್ಯದ ನಿಯಮವೊಂದನ್ನು ಕೊಟ್ಟರು. ಅದರ ಪ್ರಕಾರ ಹೆಂಡ, ಹೊಗೆಸೊಪ್ಪು, ಕಾಫಿ, ಟೀ ಯಾವುದೂ ಇಲ್ಲ. ನಿಮ್ಮ ಕಾಫಿಯನ್ನು ಅಂತಲ್ಲ, ಯಾರ ಕಾಫಿಯನ್ನೂ ಅವರು ಮುಟ್ಟುವುದಿಲ್ಲ.

ನಾನೂ ಇದನ್ನು ಹೀಗೇ ಕಲಿತದ್ದು. 1990ರ ದಶಕದಲ್ಲಿ ಎರಡು ವರ್ಷ ಯೂಟಾದ ಲೋಗನ್‌ನಲ್ಲಿ ಓದುತ್ತಿದ್ದೆ. ನನ್ನ ರೂಮ್‌ಮೇಟ್ ಐಡಹೋದ ಆಲೂಗಡ್ಡೆ ಬೆಳೆಗಾರರ ಮಗ, ಆಗಷ್ಟೇ ಮಿಷನ್, ಅಂದರೆ ಈ ಹುಡುಗರ ಹಾಗೆ ಮನೆಮನೆ ಅಲೆಯುವ ಧರ್ಮಪ್ರಚಾರ, ಮುಗಿಸಿ ಬಂದಿದ್ದ. ನನ್ನಮ್ಮ ಊರಿಂದ ಕಳಿಸಿದ ಕಾಫಿಪುಡಿಯ ಡಬ್ಬಿಯನ್ನು ದಿನಾ ತೆರೆದು ಮೂಸುತ್ತಿದ್ದ, ಮತ್ತೆ ಮುಚ್ಚಿ ಇಡುತ್ತಿದ್ದ. 'ಮೂಸಬೇಡ ಅಂತ ಎಲ್ಲೂ ಬರೆದಿಲ್ಲ' ಎಂದು ನಗುತ್ತಿದ್ದ. ಅವನನ್ನು ಕಳಿಸಿದ್ದೂ ಎಲ್ಲಿಗೆ? ಫಿನ್ಲೆಂಡಿಗೆ. ಜಗತ್ತಿನಲ್ಲೇ ಅತಿ ಜಾಸ್ತಿ ಕಾಫಿ ಕುಡಿಯುವ ದೇಶಗಳಲ್ಲಿ ಅದೊಂದು. ಫಿನ್ನಿಶ್ ಭಾಷೆಯಲ್ಲಿ ತಾನು ಸರಿಯಾಗಿ ಕಲಿತ ಮೊದಲ ವಾಕ್ಯವೇ 'ಕಾಫಿ ಬೇಡ, ಥ್ಯಾಂಕ್ಸ್' ಎನ್ನುತ್ತಿದ್ದ. ಆ ಭಾಷೆಗೆ ಹದಿನೈದು ವಿಭಕ್ತಿಗಳಂತೆ. ಕನ್ನಡಕ್ಕೆ ಏಳೇ ಸಾಕು ಎಂದಾಗ ಅವನ ಮುಖದಲ್ಲಿ ಕಂಡ ಹೊಟ್ಟೆಕಿಚ್ಚು ಇನ್ನೂ ನೆನಪಿದೆ.

'ಎಲ್ಡರ್' ಹೆಸರಲ್ಲ, ಹುಡುಗರ ಪದವಿ. ಹುಡುಗಿಯರಿಗೆ 'ಸಿಸ್ಟರ್'. ನಮ್ಮಲ್ಲಿ ಅಯ್ಯಪ್ಪನ ಮಾಲೆ ಹಾಕಿದ ಮೇಲೆ ಹತ್ತು ವರ್ಷದ ಪೋರನನ್ನೂ ಸ್ವಾಮಿ ಎನ್ನುತ್ತೇವಲ್ಲ, ಹಾಗೆ. ಮಾಲೆ ತೆಗೆಯುವ ತನಕ ಅವನ ಮನೆಯ ಹೆಸರು ಪಕ್ಕಕ್ಕೆ. ಇವರ ಮಾಲೆ ಮಾತ್ರ ಗಂಡುಮಕ್ಕಳಿಗೆ ಎರಡು ವರ್ಷ, ಹೆಣ್ಣುಮಕ್ಕಳಿಗೆ ಹದಿನೆಂಟು ತಿಂಗಳು. ಮೊದಲು ಹುಡುಗರು ಹೊರಡಲು ಹತ್ತೊಂಬತ್ತು ತುಂಬಬೇಕಿತ್ತು. 2012ರ ಅಕ್ಟೋಬರ್‌ನಲ್ಲಿ ಅದನ್ನು ಹದಿನೆಂಟಕ್ಕೆ ಇಳಿಸಿದರು. ನಿಮಗೆ ಮೀಸೆ ಕಾಣಿಸದೇ ಇದ್ದದ್ದು ಅದಕ್ಕೇ ಇರಬೇಕು.

ಸಂಬಳ ಕೇಳಿದಿರಿ. ಸಂಬಳ ಇಲ್ಲ, ಇವರೇ ಕೊಡಬೇಕು! ಅಮೆರಿಕದ ಹುಡುಗನಾದರೆ 2020ರಿಂದ ತಿಂಗಳಿಗೆ 500 ಡಾಲರ್. ಎರಡು ವರ್ಷಕ್ಕೆ 12,000. ಟೋಕಿಯೋಗೆ ಹೋದರೂ ಅಷ್ಟೇ, ಪಕ್ಕದ ರಾಜ್ಯಕ್ಕೆ ಹೋದರೂ ಅಷ್ಟೇ. ನನ್ನ ರೂಮ್‌ಮೇಟ್ ಎಂಟನೇ ವಯಸ್ಸಿನಿಂದ ಇದಕ್ಕೆಂದೇ ಒಂದು ಗಾಜಿನ ಜಾಡಿಯಲ್ಲಿ ಚಿಲ್ಲರೆ ಹಾಕಿಟ್ಟಿದ್ದನಂತೆ. ಎಲ್ಲಿಗೆ ಹೋಗಬೇಕೆಂದು ಇವರು ಆರಿಸುವ ಹಾಗಿಲ್ಲ. ಅರ್ಜಿ ಹಾಕಬೇಕು, ಚರ್ಚಿನ ಕೇಂದ್ರ ಕಚೇರಿ ಇರುವ ಸಾಲ್ಟ್ ಲೇಕ್ ಸಿಟಿಯಿಂದ ಕರೆ ಬರುತ್ತದೆ. ಆಗೆಲ್ಲ ದೊಡ್ಡ ಬಿಳಿ ಲಕೋಟೆ. ಅಜ್ಜಿ ತಾತ ಅತ್ತೆ ಮಾವ ಎಲ್ಲ ಸೇರಿದ ಮೇಲೆ ಒಡೆಯುವುದು. ಈಗ ಇಮೇಲ್ ಬರುತ್ತದೆ, ನೆಂಟರು ಮಾತ್ರ ಈಗಲೂ ಸೇರುತ್ತಾರಂತೆ. ಆಮೇಲೆ ಯೂಟಾದ ಪ್ರೋವೊದಲ್ಲಿ ಅಥವಾ ಬೇರೆ ತರಬೇತಿ ಕೇಂದ್ರದಲ್ಲಿ ಕೆಲವು ವಾರ ಭಾಷೆ, ಬೋಧನೆಯ ಪಾಠ. ಅಲ್ಲಿಂದ ನೇರ ಬೀದಿಗೆ.

ಇವರು ಬರುವುದು ಅಮೆರಿಕದಿಂದ ಮಾತ್ರ ಅಂದುಕೊಳ್ಳಬೇಡಿ. ಬೆಂಗಳೂರಿನಲ್ಲಿ 1993ರಿಂದ ಇವರ ಮಿಷನ್ ಕೇಂದ್ರ ಇದೆ. ಅಲ್ಲೊಂದು ಟೆಂಪಲ್ (ಇವರ ಪವಿತ್ರ ಮಂದಿರ) ಕಟ್ಟುವುದಾಗಿ 2018ರಲ್ಲಿ ಪ್ರಕಟಿಸಿದರು. ನಮ್ಮ ದೇಶದ ಹುಡುಗ ಹುಡುಗಿಯರೂ ಈ ಬಿಲ್ಲೆ ಹಾಕಿಕೊಳ್ಳುತ್ತಾರೆ.

ದಿನಚರಿ ಹಾಸ್ಟೆಲ್ ವಾರ್ಡನ್‌ಗೂ ಹೊಟ್ಟೆ ತುಂಬುವಂಥದ್ದು. ಬೆಳಿಗ್ಗೆ ಆರೂವರೆಗೆ ಎದ್ದು ಪ್ರಾರ್ಥನೆ, ವ್ಯಾಯಾಮ, ತಿಂಡಿ, ಓದು. ಆಮೇಲೆ ರಾತ್ರಿವರೆಗೆ ಬೀದಿ. ಹತ್ತೂವರೆಗೆ ದೀಪ ಆರಿಸಬೇಕು. ಈಚೆಗೆ ಸಮಯ ಸ್ವಲ್ಪ ಸಡಿಲಿಸಿದ್ದಾರೆ. ಸಿನಿಮಾ ಇಲ್ಲ, ಹುಡುಗಿಯರ ಜೊತೆ ಸುತ್ತಾಟ ಇಲ್ಲ. ವಾರಕ್ಕೊಂದು ದಿನ ಬಟ್ಟೆ ಒಗೆಯೋಕೆ, ಸಾಮಾನು ತರೋಕೆ, ಮನೆಗೆ ಬರೆಯೋಕೆ. ಅದಕ್ಕೆ ಇವರ ಭಾಷೆಯಲ್ಲಿ 'ಪಿ-ಡೇ', ಅಂದರೆ ಪ್ರಿಪರೇಷನ್ ಡೇ. ಮೊದಲೆಲ್ಲ ಮನೆಗೆ ಫೋನ್ ಮಾಡಲು ವರ್ಷಕ್ಕೆ ಎರಡೇ ಅವಕಾಶ, ಕ್ರಿಸ್‌ಮಸ್‌ಗೆ ಮತ್ತು ಅಮ್ಮಂದಿರ ದಿನಕ್ಕೆ. 2019ರ ಫೆಬ್ರವರಿಯಿಂದ ವಾರವಾರವೂ ಮಾಡಬಹುದು. ಎಷ್ಟು ತಾಯಂದಿರು ಅವತ್ತು ಅತ್ತಿರಬೇಕು!

ಇದೆಲ್ಲ ಸರಿ, ಕಷ್ಟದ್ದು ಬೇರೆಯೇ ಇದೆ. ಒಂಟಿಯಾಗಿ ಇರುವಂತಿಲ್ಲ. 'ಕಂಪ್ಯಾನಿಯನ್' ಅಂತ ಒಬ್ಬ ಸದಾ ಜೊತೆಗಿರಬೇಕು. ಒಂದೇ ಕೋಣೆಯಲ್ಲಿ ಮಲಗಬೇಕು, ಒಬ್ಬ ಅಂಗಡಿಗೆ ಹೋದರೆ ಇನ್ನೊಬ್ಬನೂ ಹೋಗಬೇಕು. ಯಾರ ಜೊತೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಸುಮಾರು ಆರು ವಾರಕ್ಕೊಮ್ಮೆ ವರ್ಗಾವಣೆಯ ಪಟ್ಟಿ ಬರುತ್ತದೆ. ನನ್ನ ರೂಮ್‌ಮೇಟ್‌ಗೆ ಈ ಅಭ್ಯಾಸ ಬಂದಮೇಲೂ ಬಿಟ್ಟಿರಲಿಲ್ಲ. ನಾನು ಹಾಲು ತರಲು ಚಪ್ಪಲಿ ಮೆಟ್ಟಿದರೆ ಅವನೂ ಥಟ್ಟನೆ ಎದ್ದು ಶೂ ಹುಡುಕುತ್ತಿದ್ದ. ಆಮೇಲೆ ನೆನಪಾಗಿ, ಒಂದು ಶೂ ಕೈಯಲ್ಲಿ ಹಿಡಿದುಕೊಂಡು ಪೆಚ್ಚಾಗಿ ಕೂರುತ್ತಿದ್ದ.

ಆ ಶೂಗಳನ್ನು ಅವನು ಎಸೆದಿರಲಿಲ್ಲ. ಹಿಮ್ಮಡಿ ಪೂರ್ತಿ ಸವೆದು, ಅಟ್ಟೆಯಲ್ಲಿ ತೂತು. ಎರಡು ವರ್ಷದ ಬಾಗಿಲುಗಳೆಲ್ಲ ಅದರಲ್ಲೇ ಇದ್ದವು. ಎಷ್ಟು ಜನರಿಗೆ ದೀಕ್ಷಾಸ್ನಾನ ಮಾಡಿಸಿದೆ ಎಂದು ಕೇಳಿದ್ದೆ. 'ಒಬ್ಬರಿಗೆ' ಅಂದ. ಸ್ವಲ್ಪ ಹೊತ್ತು ಬಿಟ್ಟು, 'ಅವರೂ ಮೂರು ತಿಂಗಳಿಗೆ ಬರೋದು ನಿಲ್ಲಿಸಿದರು' ಅಂದ.

ನಿಮ್ಮ ದೊಡ್ಡ ಪ್ರಶ್ನೆಯನ್ನೇ ನಾನು ಅವನಿಗೂ ಕೇಳಿದ್ದೆ. ನಿಜವಾಗಿ ನಂಬಿಕೆ ಇತ್ತಾ? ಹೊರಟಾಗ ಇರಲಿಲ್ಲ ಅಂದ, ಅಪ್ಪ ಹೋಗಿದ್ದರು, ತಾತ ಹೋಗಿದ್ದರು, ನಾನೂ ಹೋದೆ ಅಂದ. ಬಾಗಿಲು ತೆರೆದವರಿಗೆ ತಮ್ಮ ಧರ್ಮಗ್ರಂಥ 'ಬುಕ್ ಆಫ್ ಮಾರ್ಮನ್' ತೋರಿಸಿ 'ಈ ಪುಸ್ತಕ ಓದಿ, ಇದು ನಿಜವೇ ಎಂದು ದೇವರನ್ನೇ ಕೇಳಿ' ಎಂದು ದಿನವೂ ಹೇಳುತ್ತಿದ್ದ, ತಾನು ಮಾತ್ರ ಕೇಳಿರಲಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಇಬ್ಬರೂ ಮಂಚದ ಪಕ್ಕ ಮಂಡಿಯೂರುತ್ತಾರೆ. ಜೊತೆಗಾರ ಯಾವಾಗ ಏಳುತ್ತಾನೋ, ಆಗ ತಾನೂ ಏಳಬಹುದು ಎಂದು ಇವನು ಕಣ್ಣುಮುಚ್ಚಿ ಲೆಕ್ಕ ಹಾಕುತ್ತಿದ್ದನಂತೆ. ಚಳಿಗಾಲ ಪೂರ್ತಿ ಹೀಗೇ ನಡೆಯಿತು. ಒಂದು ದಿನ ನೀರಿನ ಸದ್ದಾಯಿತು. ನೋಡಿದರೆ ಜೊತೆಗಾರ ಎದ್ದು ಹೋಗಿ ಗಡ್ಡ ಕೆರೆಯುತ್ತಿದ್ದಾನೆ, ಇವನಿನ್ನೂ ಮಂಡಿಯೂರಿಯೇ ಇದ್ದಾನೆ. ಇಷ್ಟು ಹೇಳಿ ಸುಮ್ಮನಾದ. ಇನ್ನೂ ಏನೋ ಹೇಳುತ್ತಾನೆ ಎಂದು ಕಾದೆ, ಹೇಳಲಿಲ್ಲ.

ಬಲವಂತದ ಮಾತೂ ಸುಳ್ಳಲ್ಲ. ಆರೋಗ್ಯ ಇರುವ ಹುಡುಗ ಹೋಗಲೇಬೇಕೆಂಬುದು ಅವರ ನಿರೀಕ್ಷೆ. ಹುಡುಗಿಯರಿಗೆ ಅದು ಇಷ್ಟಕ್ಕೆ ಬಿಟ್ಟದ್ದು. ಕೋವಿ ಹಿಡಿದು ಯಾರೂ ಕಳಿಸುವುದಿಲ್ಲ ಬಿಡಿ. ನಮ್ಮಲ್ಲಿ ಮಗ ಇಂಜಿನಿಯರ್ ಆಗಬೇಕು ಎಂದು ಮನೆಯ ಗೋಡೆಗಳೇ ಹೇಳುತ್ತವಲ್ಲ, ಆ ಥರ. ನನ್ನ ರೂಮ್‌ಮೇಟ್‌ನ ಅಣ್ಣ ಐದೇ ತಿಂಗಳಿಗೆ ವಾಪಸ್ ಬಂದಿದ್ದನಂತೆ. ನಿದ್ದೆ ಬರುತ್ತಿರಲಿಲ್ಲ, ಮಂಕು ಕವಿದಿತ್ತು. ವಿಮಾನ ನಿಲ್ದಾಣದಲ್ಲಿ ಬ್ಯಾನರ್ ಇಲ್ಲ, ಬಲೂನ್ ಇಲ್ಲ, ಅಪ್ಪ ಒಬ್ಬರೇ ಹೋಗಿ ಕರೆತಂದರು. ಭಾನುವಾರ ಎಲ್ಲರೂ ಕೈಕುಲುಕಿದರು, ಏನಾಯಿತೆಂದು ಒಬ್ಬರೂ ಕೇಳಲಿಲ್ಲ. ಕೇಳದೇ ಇದ್ದದ್ದೇ ಅಣ್ಣನಿಗೆ ಹೆಚ್ಚು ನೋವಾಯಿತು ಎನ್ನುತ್ತಿದ್ದ. ಈ ಪದ್ಧತಿಯಲ್ಲಿ ನನಗೆ ಹಿಡಿಸದ ಭಾಗ ಇದು. ಹದಿನೆಂಟರ ಹುಡುಗನಿಗೆ ಹೋಗುವ ದಾರಿ ಎಷ್ಟು ಅಗಲ ಮಾಡಿದ್ದಾರೋ, ಮರಳುವ ದಾರಿಯನ್ನೂ ಅಷ್ಟೇ ಮಾಡಬೇಕಿತ್ತು, ಅಲ್ವಾ?

ಇನ್ನು ನಿಮ್ಮ ಮಗ. ಅವರು ಹೇಳಿದ್ದು ಅರ್ಧ ಸರಿ. ಈ ಹುಡುಗರು ಮಜ್ಜಿಗೆ ಕುಡಿಯಲು ಬಂದವರಲ್ಲ. ನಿಮ್ಮನ್ನು ತಮ್ಮ ಚರ್ಚಿಗೆ ಸೇರಿಸಲು ಬಂದವರು, ಅದನ್ನು ಮುಚ್ಚಿಡುವುದೂ ಇಲ್ಲ. ನಿಮಗೆ ಬೇಡವೆಂದರೆ ಬೇಡ ಎಂದುಬಿಡಿ. ನಮ್ಮವರ ತೊಂದರೆ ಏನೆಂದರೆ, ದಾಕ್ಷಿಣ್ಯಕ್ಕೆ 'ನೋಡೋಣ' ಅಂದುಬಿಡುತ್ತೇವೆ. ಶಿವಮೊಗ್ಗದಲ್ಲಿ 'ನೋಡೋಣ' ಅಂದರೆ ಬೇಡ ಎಂದೇ ಅರ್ಥ. ಆ ಹುಡುಗ ಫೋನ್ ತೆಗೆದು ಗುರುವಾರ ನಾಲ್ಕು ಗಂಟೆ ಎಂದು ಬರೆದುಕೊಳ್ಳುತ್ತಾನೆ, ಬಂದೇ ಬರುತ್ತಾನೆ. ನನ್ನ ರೂಮ್‌ಮೇಟ್ ಹೇಳುತ್ತಿದ್ದ: ಮುಖಕ್ಕೆ ಬಾಗಿಲು ಹಾಕಿದವರನ್ನು ಸಾಯಂಕಾಲದೊಳಗೆ ಮರೆಯುತ್ತಿದ್ದೆ, ಬನ್ನಿ ಎಂದು ಹೇಳಿ ಪರದೆ ಹಿಂದೆ ಅವಿತವರನ್ನು ಮರೆತಿಲ್ಲ.

ಮಜ್ಜಿಗೆ ಕೊಡಲು ಮಾತ್ರ ಮಗನ ಅಪ್ಪಣೆ ಬೇಕಿಲ್ಲ. ಮೆಸಾದ ಬಿಸಿಲು ಗೊತ್ತಿದ್ದವರು ಯಾರೂ ತಪ್ಪು ಹೇಳುವುದಿಲ್ಲ. ಹಸಿಮೆಣಸು ಸ್ವಲ್ಪ ಕಡಿಮೆ ಹಾಕಿ.

ಆ ನಾಲ್ಕು ಹೆಂಡಿರ ಲೇಖನ ಯಾವ ವರ್ಷದ್ದೆಂದು ನೆನಪಾದರೆ ಬರೆಯಿರಿ. ನಮ್ಮ ಹಳೇ ಸಂಚಿಕೆಗಳಲ್ಲಿ ಎರಡು ದಿನ ಹುಡುಕಿದೆವು, ಸಿಗಲಿಲ್ಲ. ಸಿಕ್ಕರೆ ತಿದ್ದುಪಡಿ ಹಾಕುತ್ತೇವೆ.